ಗಂಟಲೊಳಗಿನ ಹೊಸ್ತಿಲು

ಫೆಬ್ರವರಿ 9

ಸೂಜಿ,

‘ನಾನಿಲ್ಲಿ ಚೆನ್ನಾಗಿದ್ದೇನೆ’ ಎಂದು ಶುರುಮಾಡಲು ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ನಿನ್ನ ಏಣಿ ಮಾಮ ಇಣುಕಿ ನೋಡಿ, “ಮೊದಲನೇ ಸಾಲೇ ಸುಳ್ಳಾದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ?” ಅಂದ. ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ಈ ಕಾಗದ ಎರಡನೇ ಸಾಲಿನಿಂದ ಶುರುವಾಗಿದೆ ಎಂದುಕೋ.

ನಿನ್ನ ಏಣಿ ಮಾಮ ಈಗಲೂ ನಮ್ಮ ಸರ್ಕಸ್ಸಿನ ದೊಡ್ಡ ಜೋಕರ್ರೇ. ಮರಗಾಲು ಬಿಚ್ಚಿಟ್ಟರೂ ಅವನ ತಲೆ ಡೇರೆಯ ಬಾಗಿಲಿಗೆ ತಾಗುತ್ತದೆ. ನಿನ್ನ ವಿಳಾಸ ಈ ನಾಲ್ಕು ವರ್ಷವೂ ಅವನ ಹತ್ತಿರ ಇತ್ತಂತೆ. ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನು.

ವಿಷಯ ಇಷ್ಟೇ. ನನ್ನ ಹೊಸ್ತಿಲು ಉರಿಯುತ್ತಿದೆ.

ಹೊಸ್ತಿಲು ಎಂದರೇನೆಂದು ನಿನಗೆ ಹೇಳಬೇಕಾಗಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ, ಕೇಳಿ ಕೇಳಿ ನಿನ್ನ ಕಿವಿ ಸವೆದಿದೆ. ಕುತ್ತಿಗೆಯ ಗುಳಿಯಿಂದ ಸ್ವಲ್ಪ ಕೆಳಗೆ, ಇಳಿಯುವ ಕತ್ತಿಯ ಮೊನೆ ಒಂದು ಕ್ಷಣ ತಡೆಯುವ ಜಾಗ. ಅಲ್ಲಿ ನಿಂತು, ‘ಒಳಗೆ ಬರಲೇ?’ ಎಂದು ಮನಸ್ಸಿನಲ್ಲೇ ಕೇಳಿ, ಆಮೇಲೆ ದಾಟಬೇಕು. ನಾನು ಅಲ್ಲಿ ನಿಂತಾಗ ಡ್ರಮ್ಮಿನವನು ಕೈ ತಡೆಯುತ್ತಾನೆ, ಗ್ಯಾಲರಿಯೆಲ್ಲ ಉಸಿರು ಹಿಡಿಯುತ್ತದೆ. ನನ್ನ ಆಟವೆಂದರೆ ಕತ್ತಿಯಲ್ಲ, ಆ ನಿಲುಗಡೆ. ಅದು ನಿನಗೂ ಗೊತ್ತು.

ಈಗ ಅದೇ ಜಾಗದಲ್ಲಿ ಕೆಂಡ ಇಟ್ಟ ಹಾಗೆ ಆಗುತ್ತದೆ. ಅನ್ನದ ತುತ್ತೂ ಅಲ್ಲೇ ಕೂರುತ್ತದೆ, ಒಂದು ಲೋಟ ನೀರು ಕುಡಿದರೆ ಒಲ್ಲದ ಮನಸ್ಸಿನಿಂದ ಎದ್ದು ಹೋಗುತ್ತದೆ. ಮೊನ್ನೆ ಆಟ ಮುಗಿಸಿ ಕತ್ತಿ ಒರೆಸಿದಾಗ ಬಟ್ಟೆಯಲ್ಲಿ ಸ್ವಲ್ಪ ಕೆಂಪು ಕಂಡಿತು. ಮ್ಯಾನೇಜರ್, “ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ, ಆ ಹೊತ್ತಿಗೆ ನಾಯಿ ಆಟ ಹಾಕ್ತೀನಿ,” ಅಂದರು. ನಾಯಿ ಆಟ! ಆ ಬಿಳಿ ನಾಯಿಗೆ ದೊಡ್ಡ ಬಳೆಯೊಳಗೆ ಹಾರು ಎಂದರೆ ಗ್ಯಾಲರಿಯ ಕಡೆ ಹೋಗಿ ಮಕ್ಕಳ ಕೈ ನೆಕ್ಕುತ್ತದೆ. ಹೋದ ವಾರ ರಿಂಗಿನ ನಡುವೆ ಮಲಗಿ ಆಕಳಿಸಿತು. ಜನ ಚಪ್ಪಾಳೆ ಬೇರೆ ತಟ್ಟಿದರು. ನನ್ನ ಅಪ್ಪ ನಿಂತು ಆಡಿದ ಜಾಗದಲ್ಲಿ ಅದು ಆಕಳಿಸಬೇಕೇ?

ಇದನ್ನೆಲ್ಲ ಸುಮ್ಮನೆ ತಿಳಿಸಿದೆ. ಬಾ ಎಂದು ಕರೆಯುತ್ತಿಲ್ಲ. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಜಗಳ ಬರೆಯುವಷ್ಟರಲ್ಲಿ ಕೈ ನೋಯುತ್ತದೆ.

ಇಂತಿ, ಇನ್ನೂ ನಿನ್ನ
ಅಪ್ಪ


ಫೆಬ್ರವರಿ 21

ಅಪ್ಪ,

ರಕ್ತದ ವಿಷಯ ಒಂದು ಸಾಲು. ನಾಯಿಯ ವಿಷಯ ಅರ್ಧ ಪುಟ. ನೀನು ಬದಲಾಗಿಲ್ಲ.

ಡಾಕ್ಟರ ಹತ್ತಿರ ಹೋಗು. ಹೋಗಿ ಬರುವ ತನಕ ಕತ್ತಿ ಮುಟ್ಟಬೇಡ. ಏಣಿ ಮಾಮನಿಗೂ ಹೇಳಿದ್ದೇನೆ, ನಿನ್ನ ಪೆಟ್ಟಿಗೆಯ ಬೀಗದ ಕೈ ಅವನ ಹತ್ತಿರ ಇರಲಿ.

ನಾನು ಕೊಡೆ ರಿಪೇರಿ ಅಂಗಡಿಯಲ್ಲಿದ್ದೇನೆ. ಕೆಳಗೆ ಅಂಗಡಿ, ಮೇಲೆ ನನ್ನ ಕೋಣೆ, ನಡುವೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಇಳಿಯಬೇಕಾದ ಕಿರಿದಾದ ಮೆಟ್ಟಿಲು. ಯಜಮಾನಿಯನ್ನು ಬೀದಿಯವರೆಲ್ಲ ಕೊಡೆ ಅಜ್ಜಿ ಎನ್ನುತ್ತಾರೆ. ನಾನು ಕಡ್ಡಿ ಕಟ್ಟುತ್ತೇನೆ, ಸ್ಪ್ರಿಂಗ್ ಬದಲಿಸುತ್ತೇನೆ, ಹರಿದ ಬಟ್ಟೆಗೆ ತೇಪೆ ಹಾಕುತ್ತೇನೆ. ಅಜ್ಜಿ ಕಣ್ಣುಮುಚ್ಚಿ ಕೊಡೆ ಬಿಚ್ಚಿ, ಯಾವ ಕಡ್ಡಿ ಸೋತಿದೆ ಎಂದು ಸದ್ದಿನಲ್ಲೇ ಹೇಳುತ್ತಾಳೆ. ನನಗಿನ್ನೂ ಅದು ಬರುವುದಿಲ್ಲ. ಬರದಿದ್ದರೂ ಅವಳು ನನ್ನ ಕೈಗೆ ಕೊಡೆ ಕೊಡುತ್ತಾಳೆ. ‘ಸಿಕ್ಕಿತಾ? ಸಿಕ್ಕಿತಾ?’ ಎಂದು ಒಂದು ದಿನವೂ ಪ್ರಾಣ ತಿಂದಿಲ್ಲ.

ಮೂರು ವರ್ಷ ದಿನಾ ಬೆಳಿಗ್ಗೆ ನೀನು ಅದೊಂದನ್ನೇ ಕೇಳುತ್ತಿದ್ದೆ. ದಿನಾ ಬೆಳಿಗ್ಗೆ ನಾನು ಇಲ್ಲ ಎನ್ನುತ್ತಿದ್ದೆ. ಒಂದು ಸಂಜೆ ಬೇಸತ್ತು, ಸಿಕ್ಕಿತು ಎಂದು ರಿಂಗಿಗೆ ಇಳಿದೆ. ಆಮೇಲೆ ನೀನು ಮಾಡಿದ್ದು ಮರೆತುಹೋಗಿದ್ದರೆ ಏಣಿ ಮಾಮನನ್ನು ಕೇಳು. ಅಷ್ಟೂ ಜನರ ಮುಂದೆ ನನ್ನ ಕೈಯಿಂದ ಕತ್ತಿ ಕಿತ್ತುಕೊಂಡು, “ಇವಳಿಗೆ ಹೊಸ್ತಿಲು ಸಿಕ್ಕಿಲ್ಲ, ಸುಳ್ಳು ಹೇಳ್ತಿದ್ದಾಳೆ,” ಎಂದು ಕೂಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನೂ ಸೇರಿಸಿದೆ. ಜನ ಅದೂ ಆಟವೇ ಎಂದುಕೊಂಡು ನಕ್ಕರು.

ಅದನ್ನು ಕೆದಕಲು ಬರೆಯುತ್ತಿಲ್ಲ. ಡಾಕ್ಟರ ಹತ್ತಿರ ಹೋಗು ಎಂದು ಬರೆಯುತ್ತಿದ್ದೇನೆ.

ಮಗಳು


ಮಾರ್ಚ್ 10

ಸೂಜಿ,

ಹೋದೆ. ಏಣಿ ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದ. ಆಸ್ಪತ್ರೆಯ ಬೆಂಚಿನ ಮೇಲೆ ಅವನು ಕಾಲು ಚಾಚಿದರೆ ಎದುರಿನ ಗೋಡೆಗೆ ತಾಗುತ್ತಿತ್ತು. ಬಂದವರೆಲ್ಲ ದಾಟಿಕೊಂಡು ಹೋಗಬೇಕಾಯಿತು.

ಡಾಕ್ಟರು ವಯಸ್ಸಿನಲ್ಲಿ ನಿನಗಿಂತ ಸ್ವಲ್ಪ ದೊಡ್ಡವರಿರಬಹುದು. “ಏನು ಕೆಲಸ ಮಾಡ್ತೀರಿ?” ಅಂದರು. “ಕತ್ತಿ ನುಂಗ್ತೀನಿ,” ಅಂದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ದಿನಾನಾ?” “ಭಾನುವಾರ ಎರಡು ಸಲ.” ಆಮೇಲೆ ಗಂಟಲಿನಿಂದ ಹೊಟ್ಟೆಯವರೆಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡಬೇಕು, ಬರುವ ವಾರ ಬನ್ನಿ ಎಂದರು. ಏನಿರಬಹುದು ಎಂದು ಕೇಳಿದೆ. ಹುಣ್ಣಿರಬಹುದು, ಗಂಟಿರಬಹುದು, ನೋಡದೆ ಏನೂ ಹೇಳಲಾಗುವುದಿಲ್ಲ ಎಂದರು.

ಗಂಟು ಎಂಬ ಮಾತು ಕೇಳಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನನಗೆ ಭಯವಾಗಿದೆ ಮಗಳೇ. ಕತ್ತಿಗೆ ನಾನು ಯಾವತ್ತೂ ಹೆದರಿದವನಲ್ಲ, ಅದು ಎಲ್ಲಿದೆ ಎಂದು ನನಗೆ ಗೊತ್ತಿರುತ್ತದೆ. ಇದು ಎಲ್ಲಿದೆ ಎಂದು ಗೊತ್ತು, ಏನು ಎಂದು ಗೊತ್ತಿಲ್ಲ.

ನಿನ್ನ ಮಾತಿನ ಪ್ರಕಾರ ಕತ್ತಿ ಮುಟ್ಟಿಲ್ಲ. ನಾಯಿ ಆಟ ನಡೆಯುತ್ತಿದೆ.

ಅಪ್ಪ


ಮಾರ್ಚ್ 15

ಅಪ್ಪ,

ಏನು ಅಂತ ಗೊತ್ತಾಗೋ ತನಕ ಏನೂ ಅಲ್ಲ. ಇದು ಅಜ್ಜಿಯ ಮಾತು, ನನ್ನದಲ್ಲ. ನನಗೂ ಭಯವಾಗಿದೆ.

ಜೊತೆಗೆ ಒಂದು ಕೊಡೆ ಕಳಿಸಿದ್ದೇನೆ. ಎಂಟು ಕಡ್ಡಿಯನ್ನೂ ನಾನೇ ಕಟ್ಟಿದ್ದು. ಆಸ್ಪತ್ರೆಗೆ ಬಿಸಿಲಲ್ಲಿ ನಡೆದು ಹೋಗಬೇಡ.

ಸೂಜಿ


ಮಾರ್ಚ್ 30

ನನ್ನ ಸೂಜಿಗೆ,

ಮೊದಲು ಮುಖ್ಯ ವಿಷಯ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬೈಯುತ್ತೀಯ. ಕೆಟ್ಟ ಗಂಟಲ್ಲ! ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ನಿನ್ನೆ ಫಲಿತಾಂಶ ಬಂತು. ಸಣ್ಣದೊಂದು ಹುಣ್ಣು, ಅಷ್ಟೇ. ಮಾತ್ರೆಗೆ ಮಾಯುತ್ತದೆಯಂತೆ. ಏಣಿ ಆಸ್ಪತ್ರೆಯ ಬಾಗಿಲಲ್ಲೇ ಪಲ್ಟಿ ಹೊಡೆಯಲು ಹೋಗಿ ಕಾವಲುಗಾರನ ಹತ್ತಿರ ಉಗಿಸಿಕೊಂಡ.

ಈಗ ನಿಧಾನವಾಗಿ ಕೇಳು. ಕೊಳವೆ ಇಳಿಸುವ ಕೋಣೆ ತಣ್ಣಗಿತ್ತು. ನರ್ಸಮ್ಮ ಗಂಟಲಿಗೆ ಕಹಿ ಔಷಧಿ ಚಿಮುಕಿಸಿ, “ವಾಂತಿ ಬಂದ ಹಾಗಾಗುತ್ತೆ, ಗಾಬರಿ ಆಗ್ಬೇಡಿ, ನನ್ನ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ,” ಅಂದಳು. ನಾನು ಹಿಡಿದುಕೊಂಡೆ, ಅವಳಿಗೆ ಬೇಜಾರಾಗಬಾರದೆಂದು. ಕೊಳವೆ ಅಂದರೆ ಏನು ಮಹಾ, ನನ್ನ ಕತ್ತಿಯ ಮುಂದೆ ಅದೊಂದು ನೂಲೆಳೆ. ತಲೆ ಸರಿಯಾಗಿ ಇಟ್ಟುಕೊಂಡು, ಇಳಿಸಿ ಎಂದು ಸನ್ನೆ ಮಾಡಿದೆ. ಡಾಕ್ಟರು ಇನ್ನೂ ತಳ್ಳುವ ಮೊದಲೇ ಅರ್ಧ ಒಳಗೆ! “ನಿಧಾನ ಯಜಮಾನ್ರೇ, ನಾನೂ ಸ್ವಲ್ಪ ನೋಡ್ಬೇಕು,” ಎಂದು ನಕ್ಕರು.

ಆಮೇಲೆ ಚಿತ್ರ ತೋರಿಸಿದರು. ನನ್ನದೇ ಒಳಗನ್ನು ನಾನು ಮೊದಲ ಸಲ ಕಂಡೆ. ಅನ್ನನಾಳವೆಲ್ಲ ನಸುಬಿಳಿ, ಮುತ್ತಿನ ಬಣ್ಣ. ಮೇಲ್ಭಾಗದಲ್ಲಿ ಮಾತ್ರ ಒಂದು ಕಡೆ ಕೆಂಪು ಮಖಮಲ್ಲಿನ ತೇಪೆ ಹಾಕಿದ ಹಾಗೆ. ಅಂಚು ಸ್ವಲ್ಪ ಎದ್ದಿದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಹೊಸ್ತಿಲು!

ಡಾಕ್ಟರು ಬಿಡಿಸಿ ಹೇಳಿದರು. ಅದು ಅನ್ನನಾಳದ ಚರ್ಮವೇ ಅಲ್ಲವಂತೆ, ಹೊಟ್ಟೆಯ ಒಳಪದರವಂತೆ. ತಾಯಿಯ ಗರ್ಭದಲ್ಲಿ ನಾವು ತಯಾರಾಗುವಾಗ ಹೊಟ್ಟೆಗೆ ಸೇರಬೇಕಾದ ಒಂದು ತುಣುಕು ದಾರಿ ತಪ್ಪಿ ಮೇಲೆಯೇ ಉಳಿದುಬಿಡುತ್ತದೆ. ಉಳಿದ ಕಡೆಯೇ ತನ್ನ ಕೆಲಸ ಮಾಡಿಕೊಂಡಿರುತ್ತದೆ, ಹೊಟ್ಟೆಯ ಹಾಗೆ ಹುಳಿರಸ ಸುರಿಸುತ್ತದೆ. ಹುಡುಕಿದರೆ ನೂರರಲ್ಲಿ ಕೆಲವರಿಗೆ ಒಂದು ಚುಕ್ಕೆಯಷ್ಟು ಕಾಣಬಹುದು, ಅವರಿಗೆ ಅದು ಇರುವುದೂ ಗೊತ್ತಾಗುವುದಿಲ್ಲ. ಇಷ್ಟು ಅಗಲ, ಅಂಚೆದ್ದು, ಇದ್ದವನಿಗೇ ಗೊತ್ತಾಗುವಂಥದ್ದು ತೀರಾ ಅಪರೂಪ ಎಂದರು. ತಮ್ಮ ಜೊತೆಯ ಡಾಕ್ಟರುಗಳನ್ನೂ ಕರೆದು ತೋರಿಸಿದರು. ದಿನಾ ಕತ್ತಿ ತಾಗಿ ತಾಗಿ ಅದರ ಮೇಲೆ ಹುಣ್ಣಾಗಿದೆ. ತೇಪೆ ಇದ್ದರೆ ಇರಲಿ, ಕತ್ತಿ ಬಿಡಬೇಕು. ಅದು ಖಡಾಖಂಡಿತ.

ಬಿಡುತ್ತೇನೆ. ದುಃಖ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಸೂಜಿ, ಆಯಸ್ಸು ಪೂರ್ತಿ ನಾನು ಹೇಳುತ್ತ ಬಂದದ್ದನ್ನು ಈಗ ಯಂತ್ರವೇ ಹೇಳಿತು. ಹೊಸ್ತಿಲು ಇದೆ! ಕಣ್ಣಾರೆ ಕಂಡೆ. ಕಂಪನಿಯಲ್ಲಿ ಎಲ್ಲರಿಗೂ ಚಿತ್ರ ತೋರಿಸಿದೆ. ಅಪ್ಪ ಇಲ್ಲದ್ದನ್ನು ಹೇಳುತ್ತಿರಲಿಲ್ಲ ಎಂದು ಈಗಲಾದರೂ ಒಪ್ಪುತ್ತೀಯೋ ಇಲ್ಲವೋ?

ನಿನ್ನ ಕೊಡೆ ಗಟ್ಟಿಯಾಗಿದೆ. ಗಾಳಿಗೆ ಒಮ್ಮೆಯೂ ಮಗುಚಲಿಲ್ಲ.

ಇಂತಿ, ಬದುಕಿರುವ
ಅಪ್ಪ


ಏಪ್ರಿಲ್ 6

ಅಪ್ಪ,

‘ಕೆಟ್ಟ ಗಂಟಲ್ಲ’ ಎಂಬ ಸಾಲು ಓದಿ ಅಂಗಡಿಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅಜ್ಜಿ ನೀರು ಕೊಟ್ಟಳು. 

ಆಮೇಲೆ ಉಳಿದದ್ದನ್ನು ಓದಿದೆ. ಇನ್ನೊಮ್ಮೆ ಓದಿದೆ. ನೀನು ಬರೆದದ್ದನ್ನು ನೀನೇ ಓದಿಕೊಂಡೆಯಾ ಅಪ್ಪ?

ಗರ್ಭದಲ್ಲಿ ದಾರಿ ತಪ್ಪಿ ಉಳಿದದ್ದು ಎಂದು ನೀನೇ ಬರೆದಿದ್ದೀಯ. ತೀರಾ ಅಪರೂಪ ಎಂದು ಬರೆದಿದ್ದೀಯ. ಬೇರೆ ಡಾಕ್ಟರುಗಳು ಬಂದು ನೋಡಿಹೋದರು ಎಂದು ಹೆಮ್ಮೆಯಿಂದ ಬರೆದಿದ್ದೀಯ. ಅಪರೂಪ ಎಂದರೆ ಬೇರೆಯವರಲ್ಲಿ ಇಲ್ಲ ಎಂದು. ನನ್ನಲ್ಲಿ ಇಲ್ಲ ಎಂದು.

ಹೊಸ್ತಿಲು ಇದೆ, ಒಪ್ಪಿದೆ. ನಿನಗೆ ಇದೆ. ನಿನಗೊಬ್ಬನಿಗೇ ಇದೆ.

ಮೂರು ವರ್ಷ ನಾನು ನನ್ನ ಗಂಟಲಲ್ಲಿ ಹುಡುಕಿದ್ದು ಏನನ್ನು? ಸಿಗದಿದ್ದಾಗ ನನಗೆ ಗಮನ ಸಾಲದು, ಶ್ರದ್ಧೆ ಸಾಲದು, ಕೊನೆಗೆ ಈ ವಿದ್ಯೆಗೆ ನಾನು ಹುಟ್ಟಿದವಳೇ ಅಲ್ಲ ಎಂದುಕೊಂಡೆ. ನೀನು ಹಾಗೆಂದೆ, ನಾನು ನಂಬಿದೆ. ಇವತ್ತಿಗೂ ಬೆಳಿಗ್ಗೆ ಕಾಫಿಯ ಮೊದಲ ಗುಟುಕು ಇಳಿಯುವಾಗ ಎಲ್ಲಾದರೂ ತಡೆಯುತ್ತದೆಯೇ ಎಂದು ನೋಡುತ್ತೇನೆ. ಕೊಡೆಗೆ ಕಡ್ಡಿ ಕಟ್ಟುವವಳಿಗೆ ಇದೆಲ್ಲ ಯಾಕೆ, ಹೇಳು?

ಅಳು ಬಂತು. ಕೋಪವೂ ಬಂತು. ಯಾವುದು ಮೊದಲು ಬಂತೆಂದು ಗೊತ್ತಿಲ್ಲ. ಮಾತ್ರೆ ತಪ್ಪದೆ ತೆಗೆದುಕೋ.

ಮಗಳು


ಮೇ 12

ಮಗಾ,

ನಾನು ಏಣಿ ಮಾಮ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಸುಧಾರಿಸಿಕೋ.

ನಿಮ್ಮಪ್ಪ ನಿನ್ನ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಾನೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ, ನುಂಗೋಕೂ ಆಗದು, ಉಗುಳೋಕೂ ಆಗದು. ಗಂಟಲು ಮಾತ್ರ ವಾಸಿ, ಊಟ ಸರಾಗವಾಗಿ ಇಳಿಯುತ್ತಿದೆ. ಅದನ್ನು ನಾನು ಹತ್ತಿರ ಕೂತು ನೋಡಿಕೊಂಡಿದ್ದೇನೆ.

ಒಂದು ಹೊಸ ಹುಚ್ಚು ಹಿಡಿದಿದೆ. ಊಟಕ್ಕೆ ಕೂತವರ ಎದುರು ಬಂದು ನಿಂತು, “ನುಂಗುವಾಗ ನಿನಗೆ ಇಲ್ಲಿ ಏನಾದ್ರೂ ತಡಿಯುತ್ತಾ?” ಎಂದು ಕುತ್ತಿಗೆ ತೋರಿಸಿ ಕೇಳುತ್ತಾನೆ. ಉಯ್ಯಾಲೆಯಾಟದ ಹುಡುಗಿಯರನ್ನು ಕೇಳಿದ, ಅಡುಗೆಯವನನ್ನು ಕೇಳಿದ. ಮ್ಯಾನೇಜರನ್ನೂ ಕೇಳಿದ. ಅವರು ಬಾಯಲ್ಲಿ ಅನ್ನ ಇಟ್ಟುಕೊಂಡೇ, “ನೀವು ಹೀಗೆ ಎದುರಿಗೆ ನಿಂತ್ರೆ ತಡಿಯುತ್ತೆ ಕಣ್ರೀ!” ಎಂದರು. ಎಲ್ಲರೂ ಇಲ್ಲ ಎಂದರು. ನನ್ನನ್ನು ಕೊನೆಗೆ ಕೇಳಿದ. ಅವನಿಗೆ ಸಮಾಧಾನವಾಗಲಿ ಎಂದು ‘ಸ್ವಲ್ಪ ತಡಿಯುತ್ತಪ್ಪ’ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ನಿನ್ನ ನೆನಪಾಯಿತು. “ಇಲ್ಲ ಮಾರಾಯ, ಜಾರಿಕೊಂಡು ಹೋಗುತ್ತೆ,” ಅಂದೆ. ತಲೆಯಾಡಿಸಿ ಎದ್ದು ಹೋದ.

ಅವನು ಬರೆಯುತ್ತಾನೆ. ಸ್ವಲ್ಪ ತಾಳಿಕೋ.

ನಿನ್ನ
ಏಣಿ ಮಾಮ


ಮೇ 25

ಸೂಜಿ,

ಇನ್ನೊಮ್ಮೆ ಡಾಕ್ಟರ ಹತ್ತಿರ ಹೋಗಿದ್ದೆ. ಹುಣ್ಣು ಮಾಯಿತು ಎಂದರು. “ಇದು ನನ್ನ ಮಗಳಿಗೂ ಇರುತ್ತಾ?” ಎಂದು ಕೇಳಿದೆ. “ಇರಲೇಬೇಕು ಅಂತೇನಿಲ್ಲ, ಸಾಮಾನ್ಯವಾಗಿ ಯಾರಿಗೂ ಇರಲ್ಲ, ಹೆದರಬೇಡಿ,” ಎಂದರು. ನಾನು ಹೆದರಿ ಕೇಳಿದ್ದು ಎಂದುಕೊಂಡರು ಪಾಪ.

ಹೊಸ್ತಿಲು ಎಂಬ ಮಾತು ಎಲ್ಲಿಂದ ಬಂತೆಂದು ಇಷ್ಟು ದಿನ ಕೂತು ಯೋಚಿಸಿದೆ. ನಿನ್ನ ತಾತ ನನಗೆ ಕತ್ತಿ ಕಲಿಸಿದ್ದು. ಅವರು ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ನಿನಗೆ ಗೊತ್ತು. ನಾನು ಕಲಿಯಲು ಶುರುಮಾಡಿದ ಹೊಸದರಲ್ಲಿ, “ಅಪ್ಪಾ, ಇಲ್ಲಿ ಏನೋ ತಡಿಯುತ್ತೆ,” ಎಂದೆ. ಅವರು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ತಲೆ ಎತ್ತಲೂ ಇಲ್ಲ. “ಹಾಗಾದ್ರೆ ಅಲ್ಲಿ ನಿಲ್ಲು,” ಅಂದರು. ಅಷ್ಟೇ.

ಅಷ್ಟೇ ಸೂಜಿ! ಅದೇ ವಿದ್ಯೆಯ ಗುಟ್ಟು ಎಂದುಕೊಂಡೆ. ಅಪ್ಪ ಬಾಯಿ ಬಿಟ್ಟು ಹೇಳಿದ ಒಂದೇ ಪಾಠ ಎಂದುಕೊಂಡೆ. ನನಗೆ ತಡೆದರೆ ಎಲ್ಲರಿಗೂ ತಡೆಯಬೇಕು, ಅವರಿಗೂ ತಡೆದಿರಬೇಕು ಎಂದುಕೊಂಡೆ. ಅವರು ಆಡುವಾಗ ಒಮ್ಮೆಯಾದರೂ ನಡುವೆ ನಿಂತದ್ದು ನನಗೆ ನೆನಪಿಲ್ಲ. ಎದುರಿಗೇ ಇದ್ದದ್ದನ್ನು ನೋಡಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿದೆ. ನಿನ್ನ ಮೊಲಕ್ಕೆ ನಾಲ್ಕು ಕಾಲು ಸರಿಯಾಗಿಯೇ ಇದ್ದವು, ನಾನು ಹೊಡೆದು ಓಡಿಸಿದೆ.

ನಿನಗೆ ನೆನಪಿರಬಹುದು, ನಮ್ಮಲ್ಲಿ ಒಂದು ಪದ್ಧತಿ. ರಿಂಗಿನಲ್ಲಿ ಆಡಿದ ಮಾತನ್ನು ರಿಂಗಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಹೊರಗೆ ಆಡಿದ್ದು ಲೆಕ್ಕಕ್ಕಿಲ್ಲ. ನಿನ್ನೆ ಬೆಳಿಗ್ಗೆ ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ರಿಂಗಿನ ನಡುವೆ ನಿಂತೆ. “ನನ್ನ ಮಗಳಿಗೆ ವಿದ್ಯೆ ಬರಲ್ಲ ಅಂತ ಇಲ್ಲೇ ನಿಂತು ಹೇಳಿದ್ದೆ. ಆ ಮಾತು ತಪ್ಪು, ವಾಪಸ್ ತಗೋತಿದ್ದೀನಿ,” ಎಂದೆ. ಡ್ರಮ್ಮಿನವನು ಮೆಲ್ಲಗೆ ಒಂದು ಏಟು ಹೊಡೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಕೊಡೋಣವೆಂದರೆ ಕಂಪನಿಯಲ್ಲಿ ಈಗ ಆನೆಯೂ ಇಲ್ಲ.

ಒಂದು ಮಾತು ಕೇಳಬೇಕು. ಮೂರು ವರ್ಷ ನಿನ್ನನ್ನು ‘ಸಿಕ್ಕಿತಾ?’ ಎಂದು ಕೇಳಿದೆ. ಏನು ಸಿಗುತ್ತಿದೆ ಎಂದು ಒಂದು ದಿನವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಕತ್ತಿ ಇಳಿದಾಗ ನಿನಗೆ ಒಳಗೆ ಏನು ಗೊತ್ತಾಗುತ್ತಿತ್ತು?

ಹೇಳಬೇಕೆನಿಸಿದರೆ ಹೇಳು.

ಅಪ್ಪ


ಜೂನ್ 14

ಅಪ್ಪ,

ನನ್ನ ಎದೆಬಡಿತ.

ಕತ್ತಿ ಪೂರ್ತಿ ಇಳಿದ ಮೇಲೆ ಅದರ ಹಿಡಿ ನನ್ನ ಕೈಯಲ್ಲಿ ಮಿಡಿಯುತ್ತದೆ. ಸಣ್ಣ ಹಕ್ಕಿಯನ್ನು ಹಿಡಿದುಕೊಂಡ ಹಾಗೆ. ಒಳಗೆ ಅದು ಹೃದಯದ ಪಕ್ಕದಲ್ಲೇ ಹಾದುಹೋಗುತ್ತದಲ್ಲ. ಮಿಡಿತ ನಿಧಾನವಾಗಿದ್ದರೆ ಇನ್ನೊಂದು ಕ್ಷಣ ಇರಬಹುದು. ಜೋರಾದರೆ ಹೊರಗೆ ತೆಗೆಯಬೇಕು. ನನಗೆ ಸಿಕ್ಕಿದ್ದು ಅದು. ಮೊದಲ ತಿಂಗಳಲ್ಲೇ ಸಿಕ್ಕಿತ್ತು. ಹೊಸ್ತಿಲೇ ಸಿಗದವಳು ನಡುಮನೆಯ ಸುದ್ದಿ ಹೇಳಿದರೆ ನಗುತ್ತೀಯ ಎಂದು ಹೇಳಲಿಲ್ಲ.

ನಿನಗೆ ಅದು ಯಾವತ್ತೂ ಗೊತ್ತಾಗಿರಲಿಲ್ಲವೇ? ಹೊಸ್ತಿಲು ದಾಟುವುದರಲ್ಲೇ ನಿನ್ನ ಗಮನವೆಲ್ಲ ಮುಗಿದುಹೋಗುತ್ತಿತ್ತೋ ಏನೋ.

ನಾನೂ ಒಂದು ಮಾತು ಒಪ್ಪಬೇಕು. ಆ ಸಂಜೆ ನಾನು ಸುಳ್ಳು ಹೇಳಿದ್ದು ಹೌದು. ಇಲ್ಲದ್ದನ್ನು ಸಿಕ್ಕಿತು ಎಂದೆ. ನೀನು ರಿಂಗಿನಲ್ಲಿ ಹಿಂದಕ್ಕೆ ತೆಗೆದುಕೊಂಡದ್ದರಲ್ಲಿ ‘ವಿದ್ಯೆ ಬರಲ್ಲ’ ಎಂಬುದು ಮಾತ್ರ ಸೇರಲಿ. ‘ಸುಳ್ಳು’ ಎಂಬುದು ನನ್ನ ಪಾಲಿಗೇ ಇರಲಿ.

ಹಾಗೆಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ ಎಂದುಕೊಳ್ಳಬೇಡ. ಅದು ಕತ್ತಿಯಷ್ಟು ಸಲೀಸಲ್ಲ.

ಕಂಪನಿ ಬಿಡುವಾಗ ತಾತನ ತೆಳು ಕತ್ತಿಯನ್ನು ತಂದಿದ್ದೆ. ಇಷ್ಟು ದಿನ ಅದು ಅಂಗಡಿಯ ಮೂಲೆಯಲ್ಲಿ ಕೊಡೆಕೋಲುಗಳ ಜೊತೆ ನಿಂತಿತ್ತು. ಒಂದು ಸಲ ಅಜ್ಜಿ ಅದಕ್ಕೂ ಬಟ್ಟೆ ಅಳೆಯಲು ಹೊರಟಿದ್ದಳು. ಏಪ್ರಿಲ್‌ನಲ್ಲಿ ನಿನ್ನ ಕಾಗದಕ್ಕೆ ಉತ್ತರ ಹಾಕಿದ ಮಾರನೇ ದಿನ ಅದನ್ನು ಒರೆಸಿ ತೆಗೆದೆ. ಮೊದಲು ಇಲ್ಲಿನ ಡಾಕ್ಟರಿಗೆ ಗಂಟಲು ತೋರಿಸಿದೆ, ಇಲ್ಲೂ ಕೊಳವೆ ಇಳಿಸಿ ನೋಡಿದರು. ಎಲ್ಲ ನಯವಾಗಿದೆ, ತೇಪೆಯೂ ಇಲ್ಲ, ಏನೂ ಇಲ್ಲ. ಹೊಸ್ತಿಲಿಲ್ಲದ ಮನೆ. ಆಮೇಲೆ ದಿನಾ ಬೆಳಿಗ್ಗೆ ಮತ್ತೆ ಮೊದಲಿನಿಂದ ಅಭ್ಯಾಸ. ಅಜ್ಜಿ ಎದುರಿಗೆ ಕೂತು ಕಣ್ಣುಮುಚ್ಚಿಕೊಳ್ಳುತ್ತಾಳೆ. “ನೋಡೋಕಾಗಲ್ಲ ತಾಯಿ, ಮುಗೀತು ಅಂತ ಹೇಳು,” ಎನ್ನುತ್ತಾಳೆ. ಕತ್ತಿ ಒಳಗಿರುವಾಗ ಹೇಳುವುದು ಹೇಗೆ?

ಜುಲೈಯಲ್ಲಿ ಕಂಪನಿ ನಮ್ಮ ಪಕ್ಕದ ಊರಿಗೆ ಬರುತ್ತದೆ ಎಂದು ಏಣಿ ಮಾಮ ಬರೆದಿದ್ದಾನೆ. ಕೊನೆಯ ಶನಿವಾರದ ಸಂಜೆ ನಾಯಿಗೆ ರಜೆ ಕೊಡಿಸು. ನೀನು ಕರೆದಿಲ್ಲ, ಗೊತ್ತು. ನಾನೇ ಬರುತ್ತೇನೆ.

ಆದರೆ ನನ್ನ ಮಾತಿಗೆ ಒಪ್ಪಬೇಕು. ರಿಂಗಿನ ಹತ್ತಿರ ನಿಲ್ಲಬೇಡ. ಗ್ಯಾಲರಿಯಲ್ಲಿ ಜನರ ನಡುವೆ ಕೂರು. ‘ಸಿಕ್ಕಿತಾ?’ ಎಂಬ ಮಾತನ್ನು ನೀನು ಎತ್ತಕೂಡದು. ಕತ್ತಿಯ ಹಿಡಿಗೆ ಕೊಡೆಯ ಒಂದು ಕೆಂಪು ಕುಚ್ಚು ಕಟ್ಟಿದ್ದೇನೆ. ಅದರ ಮೇಲೆ ಕಣ್ಣಿಟ್ಟು ನೋಡು. ಈ ಸಲ ಕೇಳುವವಳು ನಾನು. ಉತ್ತರ ಬರೆದು ಕೊಡು, ಬಾಯಲ್ಲಿ ಬೇಡ. ಬಾಯಲ್ಲಿ ಶುರುಮಾಡಿದರೆ ಮೂರನೇ ಮಾತಿಗೆ ಏನಾಗುತ್ತದೆಂದು ಗೊತ್ತಲ್ಲ.

ನಿನ್ನ
ಸೂಜಿ


ಜುಲೈ, ಕೊನೆಯ ಶನಿವಾರ

ಸೂಜಿ,

ನೀನು ಪಕ್ಕದ ಡೇರೆಯಲ್ಲೇ ಇದ್ದೀಯ. ಏಣಿ ಹೇಳುವ ಯಾವುದೋ ಹಳೆಯ ಜೋಕಿಗೆ ನಿನ್ನ ಜೊತೆ ಬಂದ ಕೊಡೆ ಅಜ್ಜಿ ನಗುವುದು ಇಲ್ಲಿಗೆ ಕೇಳಿಸುತ್ತಿದೆ. ಒಪ್ಪಂದದ ಪ್ರಕಾರ ನಾನು ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇದನ್ನು ನಿನ್ನ ಕತ್ತಿಯ ಪಕ್ಕ ಇಟ್ಟು ಹೋಗುತ್ತೇನೆ.

ನೀನು ಹೇಳಿದ ಹಾಗೆ ಗ್ಯಾಲರಿಯಲ್ಲಿ ಕೂತೆ. ಮಧ್ಯದ ಸಾಲು. ಹಲಗೆ ಎಷ್ಟು ಗಟ್ಟಿ ಎಂದು ಇವತ್ತು ಗೊತ್ತಾಯಿತು. ಇಷ್ಟು ವರ್ಷ ಜನ ಇದರ ಮೇಲೆ ಕೂತು ನನ್ನನ್ನು ನೋಡಿದರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಪಕ್ಕದಲ್ಲೊಬ್ಬಾಕೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನೀನು ರಿಂಗಿಗೆ ಬಂದಾಗ, “ಅಯ್ಯೋ, ಹೆಣ್ಣುಮಗಳು ಕಣ್ರೀ, ಹೆತ್ತವರು ಹೇಗೆ ಬಿಟ್ರೋ!” ಎಂದಳು. “ಬಿಟ್ಟಿರಲಿಲ್ಲಮ್ಮ, ಅದೇ ತಪ್ಪಾಗಿದ್ದು,” ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ.

ಕತ್ತಿ ಇಳಿಯಿತು. ಆ ಜಾಗ ಬಂತು. ಡ್ರಮ್ಮಿನವನು ಅಭ್ಯಾಸಬಲದಿಂದ ಕೈ ತಡೆದುಬಿಟ್ಟ. ನನ್ನ ಉಸಿರೂ ಅಲ್ಲೇ ನಿಂತಿತು, ನನ್ನ ಕೈ ನನಗೆ ತಿಳಿಯದೆ ಕುತ್ತಿಗೆಗೆ ಹೋಗಿತ್ತು. ಇಡೀ ಡೇರೆಯೇ ಅಲ್ಲಿ ನಿಂತಿತು. ನೀನೊಬ್ಬಳು ನಿಲ್ಲಲಿಲ್ಲ. ಏನೂ ಇಲ್ಲದ ಕಡೆ ಏನೂ ಇಲ್ಲವೆಂಬಂತೆ ದಾಟಿ ಹೋದೆ.

ಆ ಮೌನದಲ್ಲಿ ನೀನು ಕೊನೆಯವರೆಗೆ ಇಳಿಸಿ, ತಲೆ ಹಿಂದಕ್ಕೆ ಚೆಲ್ಲಿ, ಹಿಡಿಯಿಂದ ಕೈ ಬಿಟ್ಟೆ. ನಾನು ಕುಚ್ಚನ್ನೇ ನೋಡುತ್ತಿದ್ದೆ. ಮೊದಲು ಅಲುಗಲಿಲ್ಲ. ನನ್ನ ಕಣ್ಣಿಗೆ ವಯಸ್ಸಾಯಿತೇನೋ ಎಂದುಕೊಂಡೆ. ಪಕ್ಕದ ಮಗು ಬೆರಳು ತೋರಿಸಿ, “ಅಜ್ಜೀ, ಅದು ಕುಣೀತಿದೆ,” ಎಂದಿತು. ಕಣ್ಣೊರೆಸಿಕೊಂಡು ನೋಡಿದೆ.

ನಿಧಾನವಾಗಿ, ಒಂದೇ ಸಮನೆ ಮಿಡಿಯುತ್ತಿತ್ತು. ನೀನು ಹುಟ್ಟಿದ ದಿನ ನಿನ್ನನ್ನು ಎದೆಗೆ ಹಿಡಿದುಕೊಂಡಾಗ ಈ ಮಿಡಿತ ಗೊತ್ತಾಗಿತ್ತು. ಆಮೇಲೆ ಇವತ್ತು.

ನೀನಿನ್ನೂ ಕೇಳಿಲ್ಲ. ಬೆಳಿಗ್ಗೆ ಕೇಳುತ್ತೀಯ, ಇದನ್ನು ಓದುವ ಮೊದಲೇ ಕೇಳುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಅದಕ್ಕೇ ಉತ್ತರ ಮೊದಲೇ ಬರೆದಿಡುತ್ತಿದ್ದೇನೆ.

ಸಿಕ್ಕಿತು, ಮಗಳೇ.

ಅಪ್ಪ